ಬುಟ್ಟಿಗೆ ಕೈ ಹಾಕಿದವರು ಯಾರು?

ಕಳೆದ ವಾರ ನಮ್ಮ ಮನೆಯ ಮೊಟ್ಟೆ ಕಳ್ಳಿ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದಳು. ಬೆಳಗಿನ ಮಂಜು, ಸೌದೆ ಕೊಟ್ಟಿಗೆಯ ಮೂಲೆ, ಕೋಳಿಗಳು ಮೊಟ್ಟೆ ಇಡುವ ಬುಟ್ಟಿ. ಒಂದು ಕೈಯಲ್ಲಿ ಹಾಲಿನ ಕ್ಯಾನು ಹಿಡಿದ ಹೆಂಗಸು ಬಗ್ಗಿ ಇನ್ನೊಂದು ಕೈಯನ್ನು ಬುಟ್ಟಿಗೆ ಹಾಕಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟಳು. ಫೋನಿನ ಸ್ಕ್ರೀನನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಮುಖ ನೋಡಿದೆ. ಸರೋಜಕ್ಕ!

ಸರೋಜಕ್ಕ ಪಕ್ಕದ ತೋಟದವರು. ನನಗೆ ಕೋಳಿ ಹುಚ್ಚು ಹಿಡಿಸಿದವರೇ ಅವರು. ಎರಡು ತೋಟಗಳ ನಡುವೆ ಒಂದು ಪುಟ್ಟ ಗೇಟಿದೆ, ಅದಕ್ಕೆ ಯಾವತ್ತೂ ಬೀಗ ಹಾಕಿದ್ದಿಲ್ಲ. ಡೈರಿಗೆ ಹಾಲು ಹಾಕಲು ಅವರು ದಿನಾ ನಮ್ಮ ಅಂಗಳ ಹಾದೇ ರಸ್ತೆಗೆ ಹೋಗುವುದು. ಬರುವಾಗ ನನ್ನ ಅಡುಗೆಮನೆಯಲ್ಲಿ ಒಂದು ಲೋಟ ಕಾಫಿ, ಊರಿನ ಸುದ್ದಿ. ಇಂಥವರು ಮೊಟ್ಟೆ ಕದಿಯುತ್ತಾರಾ? (ಇಲ್ಲ ಎಂದಿತು ಮನಸ್ಸು. ಆದರೆ ಕೊಯ್ಲಿನ ಕಾಲದಲ್ಲಿ ನಾನು ಮನಸ್ಸನ್ನೂ ನಂಬುವುದಿಲ್ಲ.)

ಕಾಫಿ ಕೊಯ್ಲು ಶುರುವಾಯಿತೆಂದರೆ ನಮ್ಮ ಕಡೆ ಎಲ್ಲರ ನೋಟವೂ ಬದಲಾಗುತ್ತದೆ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಬಳ್ಳಿಯಲ್ಲಿ ಮೆಣಸು ತೂಗುತ್ತಿರುತ್ತದೆ. ಗುರುತಿಲ್ಲದ ಬೈಕು ಗೇಟಿನ ಮುಂದೆ ಸ್ವಲ್ಪ ನಿಧಾನ ಮಾಡಿದರೂ ಸಾಕು, ಅದರ ನಂಬರು ನಮಗೆ ಬಾಯಿಪಾಠ. ಕಾಫಿಗೆ ಒಳ್ಳೆಯ ರೇಟು ಬಂದ ಮೇಲಂತೂ ಎಲ್ಲ ತೋಟಗಳಿಗೂ ಕ್ಯಾಮೆರಾ ಬಂದಿದೆ. ನಮ್ಮ ಯಜಮಾನರೂ ಕಣಕ್ಕೊಂದು ಹಾಕಿಸಿದರು.

ಸರಿಯಾಗಿ ಅದೇ ಹೊತ್ತಿಗೆ ಬುಟ್ಟಿಗೆ ಮೊಟ್ಟೆ ಬೀಳುವುದು ನಿಂತಿತು.

"ಚಳಿ ಕಣೇ. ಹಗಲು ಗಿಡ್ಡ ಆಗಿದೆ, ಪುಕ್ಕ ಬೇರೆ ಉದುರಿಸ್ತಿದಾವೆ. ಈ ಟೈಮಲ್ಲಿ ಕೋಳಿ ಎಲ್ಲಿ ಇಡ್ತಾವೆ?" ಎಂದರು ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ಕಾಫಿ ಕಾಯಲು ಕ್ಯಾಮೆರಾ ಬೇಕು, ಮೊಟ್ಟೆ ಹೋದರೆ ಮಾತ್ರ ಚಳಿ ಕಾರಣವೇ? ನಾನು ಒಪ್ಪಲಿಲ್ಲ. ಗೂಡಿನ ತುಂಬ ಬಿದ್ದಿದ್ದ ಪುಕ್ಕ ನನ್ನ ಕಣ್ಣಿಗೆ ಯಾರೋ ನುಗ್ಗಿ ಗಲಾಟೆ ಮಾಡಿದ್ದಕ್ಕೆ ಸಾಕ್ಷಿಯಾಗಿ ಕಂಡಿತು.

ಮೊದಲು ಮುಂಗುಸಿಯ ಮೇಲೆ ಅನುಮಾನಪಟ್ಟೆ. ಆಮೇಲೆ ನಾಯಿಯ ಮೇಲೆ. ಆಮೇಲೆ ಇಟ್ಟ ಮೊಟ್ಟೆಯನ್ನು ತಾವೇ ಒಡೆದು ತಿನ್ನುತ್ತಿವೆಯೇನೋ ಎಂದು ಕೋಳಿಗಳ ಮೇಲೆಯೇ. ನಮ್ಮ ಹಿಂಡಿಗೆ ಕೆಂಚಿ ಎಂಬ ಹೇಂಟೆ ಯಜಮಾನಿ. ಕಾಳು ಹಾಕಿದರೆ ಮೊದಲು ಅವಳು ತಿನ್ನಬೇಕು, ಅವಳು ಹೊರಟ ಕಡೆ ಉಳಿದವು ಹೊರಡಬೇಕು. ಅವಳು ಒಂದನ್ನು ಕುಕ್ಕಿದರೆ ಅದು ತನಗಿಂತ ಕೆಳಗಿನದನ್ನು ಕುಕ್ಕುತ್ತದೆ, ಅದು ಮತ್ತೊಂದನ್ನು. ಕೊನೆಗೆ ಕುಕ್ಕಲು ಯಾರೂ ಸಿಗದ ಬೋಳು ಕತ್ತಿನದೊಂದು ಕಾಫಿ ಗಿಡದ ಅಡಿ ಹೋಗಿ ಸುಮ್ಮನೆ ನಿಲ್ಲುತ್ತದೆ. ಅನುಮಾನದ ಕಥೆಯೂ ಇಷ್ಟೇ ಅಲ್ಲವೇ? ವ್ಯಾಪಾರಿಗೆ ನಮ್ಮ ಯಜಮಾನರ ಮೇಲೆ ಅನುಮಾನ (ಕಾಫಿ ಸರಿಯಾಗಿ ಒಣಗಿಲ್ಲವಂತೆ), ಯಜಮಾನರಿಗೆ ಮೇಸ್ತ್ರಿಯ ಮೇಲೆ, ಮೇಸ್ತ್ರಿಗೆ ಕೊಯ್ಲಿನವರ ಮೇಲೆ. ನನಗೂ ಯಾರಾದರೂ ಬೇಕಿತ್ತು.

ಇಲ್ಲೊಂದು ವಿಷಯ ಹೇಳಬೇಕು. ಮೊಟ್ಟೆ ತೆಗೆಯುವಾಗ ಬುಟ್ಟಿಯಲ್ಲಿ ಒಂದನ್ನು ಬಿಟ್ಟೇ ತೆಗೆಯುವುದು ನಮ್ಮ ಕಡೆಯ ಪದ್ಧತಿ. ಅದನ್ನು ಕಂಡು ಕೋಳಿ ಮತ್ತೆ ಅಲ್ಲಿಗೇ ಬಂದು ಇಡುತ್ತದೆ. ಬುಟ್ಟಿ ಬರಿದಾದರೆ ತೋಟದೊಳಗೆ ಬೇರೆ ಜಾಗ ಹುಡುಕಿಕೊಳ್ಳುತ್ತದೆ. ಇದನ್ನು ಕಲಿಸಿದವರೂ ಸರೋಜಕ್ಕನೇ. ಈ ಸಲ ನಾನು ಆ ಒಂದನ್ನೂ ಎತ್ತಿಬಿಟ್ಟೆ. ಕಳ್ಳರಿಗೆ ಯಾಕೆ ಬಿಡಬೇಕು?

ಮಾರನೆಯ ದಿನ ನೋಡಿದರೆ ಬುಟ್ಟಿಯಲ್ಲಿ ಒಂದು ಮೊಟ್ಟೆ. ಅದನ್ನೂ ಎತ್ತಿದೆ. ಮರುದಿನ ಮತ್ತೆ ಒಂದು. ದಿನಾ ಒಂದೇ ಒಂದು. ನನ್ನ ಅನುಮಾನ ಗಟ್ಟಿಯಾಯಿತು. ಎಲ್ಲವನ್ನೂ ಕದ್ದರೆ ಗೊತ್ತಾಗುತ್ತದೆಂದು ಒಂದನ್ನು ಉಳಿಸಿ ಹೋಗುತ್ತಿದ್ದಾರೆ, ಭಾರೀ ಬುದ್ಧಿವಂತರು. ಆ ಉಳಿದ ಒಂದನ್ನು ಆಮ್ಲೆಟ್ ಮಾಡಿ ತಿನ್ನುತ್ತಾ ಯೋಚಿಸಿದೆ. ಕ್ಯಾಮೆರಾವನ್ನು ಕೊಟ್ಟಿಗೆಯ ಕಡೆಗೆ ತಿರುಗಿಸಿದೆ. ಆಮೇಲೆ ರೆಕಾರ್ಡಿಂಗ್ ನೋಡುವುದೇ ಕೆಲಸವಾಯಿತು. (ನಾನೇ ನೈಟಿಯಲ್ಲಿ ಬಂದು ಬುಟ್ಟಿಗೆ ಕೈ ಹಾಕುವ ಭಾಗ ಬಂದರೆ ಮುಂದಕ್ಕೆ ಓಡಿಸುತ್ತಿದ್ದೆ. ಮನೆಯವಳನ್ನು ನೋಡಿ ಏನಾಗಬೇಕು?)

ಹಾಗೆ ಸಿಕ್ಕವರು ಸರೋಜಕ್ಕ.

ಅವತ್ತು ಅವರ ಕಾಫಿಗೆ ಸಕ್ಕರೆ ಹಾಕಲಿಲ್ಲ. "ಏನು, ನಿಂಗೆ ಶುಗರ್ ಬಂತಾ?" ಎಂದು ಕೇಳಿದರು. ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ಅಳು ಬಂತು. ಕೇಳಿದ್ದರೆ ಬುಟ್ಟಿಯನ್ನೇ ಕೊಡುತ್ತಿದ್ದೆನಲ್ಲ? ಮಧ್ಯಾಹ್ನ ಮೂಡಿಗೆರೆಗೆ ಹೋಗಿ ಒಂದು ಬೀಗ ತಂದೆ.

ಮರುದಿನ ಬೆಳಿಗ್ಗೆ ಪುಟ್ಟ ಗೇಟಿಗೆ ಬೀಗ ಹಾಕುತ್ತಿರುವಾಗಲೇ ಹಾಲಿನ ಕ್ಯಾನು ಬಂತು.

"ಒಳ್ಳೆ ಕೆಲಸ ಮಾಡ್ದೆ ಮಾರಾಯ್ತಿ," ಎಂದರು ಸರೋಜಕ್ಕ. "ನಾನೇ ಹೇಳೋಣ ಅಂತಿದ್ದೆ. ನಿಮ್ಮ ಬುಟ್ಟೀಲಿ ಕಳ್ಳತನ ಆಗ್ತಾ ಇದೆ."

ನಾನು ಬೀಗ ಹಿಡಿದುಕೊಂಡೇ ನಿಂತೆ.

"ಬುಟ್ಟಿ ಖಾಲಿ ಇತ್ತು. ಕೊಯ್ಲಿನ ಗಡಿಬಿಡೀಲಿ ಒಂದು ಬಿಡೋದು ಮರ್ತಿದೀಯ ಅಂದ್ಕೊಂಡೆ. ಚಳಿ ಮುಗಿದ ಮೇಲೆ ನಿನ್ನ ಕೋಳಿಗಳು ತೋಟದೊಳಗೆಲ್ಲ ಇಡೋ ಹಾಗೆ ಆಗ್ಬಾರ್ದಲ್ಲ? ನಮ್ಮದೊಂದು ಹೊಸ ಹೇಂಟೆ ಇನ್ನೂ ಇಡ್ತಾ ಇದೆ, ಅದರದ್ದು ತಂದು ಇಟ್ಟೆ. ಮಾರನೇ ದಿನ ನೋಡಿದ್ರೆ ಇಲ್ಲ. ಮತ್ತೆ ಇಟ್ಟೆ, ಅದೂ ಇಲ್ಲ. ನಾನು ದಿನಾ ಇಡೋದು, ಅದು ದಿನಾ ಮಾಯ ಆಗೋದು." ದನಿ ತಗ್ಗಿಸಿದರು. "ಯಾರಿಗೂ ಹೇಳ್ಬೇಡ, ನಂಗೆ ನಿಮ್ಮ ಮೇಸ್ತ್ರಿ ಮೇಲೇ ಡೌಟು. ಕ್ಯಾಮೆರಾ ಇದೆಯಲ್ಲ, ಹಾಕಿ ನೋಡು."

ಓಡಿಸಿಬಿಟ್ಟಿದ್ದ ನೈಟಿಯ ಭಾಗವೆಲ್ಲ ನೆನಪಾಯಿತು. ತಿಂದ ಆಮ್ಲೆಟ್‌ಗಳೂ ನೆನಪಾದವು. ಬಾಯಿ ಮುಚ್ಚಿಕೊಂಡರೆ ನಾನು ಬಚಾವ್. ಆದರೆ ಸಂಜೆಯೊಳಗೆ ಪಾಪದ ಮೇಸ್ತ್ರಿ ಊರಿಗೆಲ್ಲ ಕಳ್ಳನಾಗುತ್ತಾನೆ.

"ಅಕ್ಕಾ, ಅವನ್ನೆಲ್ಲ ತೆಗ್ದಿದ್ದು ನಾನೇ," ಎಂದೆ. "ನಮ್ಮ ಕೋಳೀದು ಅಂದ್ಕೊಂಡು ತಿಂದೆ."

ಸರೋಜಕ್ಕ ಕ್ಯಾನು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ. ಗಂಡಾಂತರ ಕಳೆಯಿತು ಎಂದುಕೊಳ್ಳುವಾಗ ಅವರ ಕಣ್ಣು ನನ್ನ ಕೈಯ ಮೇಲೆ ಬಿತ್ತು. ನಗು ನಿಂತಿತು.

"ಹಾಗಾದ್ರೆ ಈ ಬೀಗ ಯಾರಿಗೆ ತಂದಿದ್ದು?"