ಅಸಲಿಗೆ ಕಟ್ತೀರಾ?

ವೇಮಗಲ್‌ನಲ್ಲಿ ನಮ್ಮ ಮನೆಯಿಂದ ನಾಲ್ಕನೆಯದು ಮುನಿಲಕ್ಷ್ಮಿಯ ಮನೆ. ಇಪ್ಪತ್ತು ಮೂವತ್ತರ ಸೈಟು, ಎರಡು ರೂಮು, ಹಿಂದೆ ಒಂದು ಹಸು ಕಟ್ಟುವಷ್ಟು ಜಾಗ. 2021ರಲ್ಲಿ ಕೋಲಾರದ ಒಂದು ಫೈನಾನ್ಸ್ ಕಂಪನಿಯಲ್ಲಿ ಹನ್ನೆರಡು ಲಕ್ಷ ಸಾಲ ತೆಗೆದು ಕಟ್ಟಿದ್ದು. ಹದಿನೈದು ವರ್ಷದ ಸಾಲ, ತಿಂಗಳಿಗೆ ಹನ್ನೆರಡು ಸಾವಿರದ ನೂರ ಎಪ್ಪತ್ತೊಂದು ರೂಪಾಯಿ ಕಂತು. ಅಂಗನವಾಡಿಯಲ್ಲಿ ಟೀಚರ್ ಒಂದು ಸಲ, ನಿಮಗೆ ಗೊತ್ತಿರುವ ದೊಡ್ಡ ಸಂಖ್ಯೆ ಹೇಳಿ ಅಂದಾಗ ಬೇರೆ ಮಕ್ಕಳು ನೂರು, ಸಾವಿರ ಅಂದರಂತೆ. ಮುನಿಲಕ್ಷ್ಮಿಯ ಮಗಳು ಅರ್ಪಿತ ಎದ್ದು ನಿಂತು ಹನ್ನೆರಡು ಸಾವಿರದ ನೂರ ಎಪ್ಪತ್ತೊಂದು ಅಂದಳಂತೆ.

ಮುನಿಲಕ್ಷ್ಮಿಗೆ ಮೂವತ್ತು ವರ್ಷ. ತವರು ಗೌನಿಪಲ್ಲಿ. ಗಂಡ ಮುರಳೀಕೃಷ್ಣ ಸೋದರತ್ತೆಯ ಮಗ, ಹಾಗಾಗಿ ಮದುವೆಯಾದ ಮೇಲೂ ಅವನು ಅವಳಿಗೆ ಬಾವನೇ. ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್. ಕೈಗೆ ಬರುವುದು ಇಪ್ಪತ್ತೇಳು ಸಾವಿರ. ಅತ್ತೆ ಆವಲಮ್ಮ ಹಸು ನೋಡಿಕೊಳ್ಳುತ್ತಾಳೆ, ಹದಿನೈದು ದಿನಕ್ಕೊಮ್ಮೆ ಡೇರಿಯಿಂದ ಬರುವ ಹಾಲಿನ ದುಡ್ಡಿನಲ್ಲಿ ಅಂಗಡಿ ಸಾಮಾನು ಬರುತ್ತದೆ. ಅರ್ಪಿತಳ ಹಿಂದೆ ಮೂರು ವರ್ಷದ ಒಬ್ಬ ತಮ್ಮ.

ಸಾಲ ಬೇಗ ತೀರಿಸಬೇಕು ಅನ್ನುವುದು ಮುನಿಲಕ್ಷ್ಮಿಯ ತಲೆಗೆ ಹೊಕ್ಕಿದ್ದು ಫ್ಯಾಕ್ಟರಿಯ ಕಾರಣದಿಂದ. ಅಲ್ಲಿ ನಲವತ್ತೈದು ದಾಟಿದವರು ಮೆಷಿನ್ ಮೇಲೆ ಹೆಚ್ಚು ದಿನ ಉಳಿಯುವುದಿಲ್ಲ. ಒಂದಷ್ಟು ದುಡ್ಡು ಕೈಗಿಟ್ಟು, ಹಾರ ಹಾಕಿ ಕಳಿಸುತ್ತಾರೆ. ಸಾಲ ಮುಗಿಯುವುದು 2036ರ ಏಪ್ರಿಲ್‌ನಲ್ಲಿ. ಆಗ ಮುರಳೀಕೃಷ್ಣನಿಗೆ ನಲವತ್ತಾರು. ಹಾರ ಬಿದ್ದ ಮೇಲಿನ ಆ ಒಂದು ವರ್ಷ ಚಿಲ್ಲರೆಯ ಕಂತು ಎಲ್ಲಿಂದ ತರುವುದು ಅನ್ನುವುದು ಅವಳ ಪ್ರಶ್ನೆ. ಮುರಳೀಕೃಷ್ಣ ಇದನ್ನು ಯಾವತ್ತೂ ಗಂಭೀರವಾಗಿ ತಗೊಂಡಿರಲಿಲ್ಲ. ‘ಹದಿಮೂರು ವರ್ಷ ಐತೆ ಕಣೇ, ಅಷ್ಟ್ರಲ್ಲಿ ಫ್ಯಾಕ್ಟರಿನೇ ಇರುತ್ತೋ ಇಲ್ವೋ’ ಅನ್ನುತ್ತಿದ್ದ. ಅದರಿಂದ ಅವಳಿಗೆ ಇನ್ನಷ್ಟು ಭಯವಾಗುತ್ತಿತ್ತು.

ಹೀಗಾಗಿ 2023ರ ಮೇ ತಿಂಗಳಿಂದ ಕಂತಿನ ಮೇಲೆ ಮೂರು ಸಾವಿರ ಹೆಚ್ಚಿಗೆ ಕಟ್ಟತೊಡಗಿದಳು. ಕಂತು ಹೇಗಿದ್ದರೂ ಗಂಡನ ಖಾತೆಯಿಂದ ತಾನಾಗೇ ಹೋಗುತ್ತದೆ. ಈ ಮೂರು ಸಾವಿರವನ್ನು ಮಾತ್ರ ಪ್ರತಿ ತಿಂಗಳು ಹತ್ತನೇ ತಾರೀಕು ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ ಕೈಯಾರೆ ಕೊಟ್ಟು ಬರುತ್ತಿದ್ದಳು. ಕೇಬಲ್ ತೆಗೆಸಿದಳು. ಸ್ನಾನಕ್ಕೆ ಸೌದೆ ಒಲೆ ಹಚ್ಚಿ ಗ್ಯಾಸ್ ಸಿಲಿಂಡರನ್ನು ಎರಡು ತಿಂಗಳು ಎಳೆದಳು. ಕೋಳಿ ತಿಂಗಳಿಗೊಂದು ಭಾನುವಾರಕ್ಕೆ ಬಂತು.

‘ಏನಮ್ಮೀ, ಈ ಕಾಫೀಲೂ ಕಂತು ಮುರ್ಕೊಂಡಿದ್ದೀಯಾ?’ ಅಂತ ಆವಲಮ್ಮ ಒಂದು ಬೆಳಿಗ್ಗೆ ಲೋಟ ಎತ್ತಿ ಬೆಳಕಿಗೆ ಹಿಡಿದಳು. ‘ಲೋಟದ ತಳ ಕಾಣ್ತೈತೆ.’

‘ತಳ ಕಂಡ್ರೆ ಒಳ್ಳೇದೇ ಅತ್ತೆ, ನೊಣ ಬಿದ್ರೆ ಗೊತ್ತಾಗುತ್ತೆ.’

ಇನ್ನು ಆ ಮೊದಲ ದಿನ ಫೈನಾನ್ಸ್ ಆಫೀಸಿನಲ್ಲಿ ನಡೆದದ್ದು. ಕೌಂಟರಿನಲ್ಲಿದ್ದವನು ನಂದೀಶ್, ಹಾಸನದ ಕಡೆಯವನು, ಕೆಲಸಕ್ಕೆ ಸೇರಿ ಎರಡು ವಾರ ಆಗಿತ್ತು. ಸಾಲಕ್ಕೆ ಹೆಚ್ಚಿನ ದುಡ್ಡು ಬಂದರೆ ಅದನ್ನು ಅಸಲಿಗೆ ಜಮಾ ಮಾಡಬೇಕೋ, ಮುಂಗಡ ಕಂತು ಅಂತ ಇಡಬೇಕೋ ಅಂತ ಕೇಳಬೇಕು. ಅಸಲಿಗೆ ಹೋದರೆ ಸಾಲ ಕರಗುತ್ತದೆ, ಬಡ್ಡಿ ಇಳಿಯುತ್ತದೆ. ಮುಂಗಡ ಅಂದರೆ ಸುಮ್ಮನೆ ಒಂದು ಪಕ್ಕ ಬಿದ್ದಿರುತ್ತದೆ, ಯಾವುದಾದರೂ ತಿಂಗಳು ಕಂತು ತಪ್ಪಿದರೆ ಮುರಿದುಕೊಳ್ಳುತ್ತಾರೆ. ನಂದೀಶ್ ನಿಯಮದ ಪ್ರಕಾರ ಕೇಳಿದ.

‘ಅಸಲಿಗೆ ಕಟ್ತೀರಾ ಮೇಡಂ?’

ಗೌನಿಪಲ್ಲಿಯ ಕಡೆ ತೆಲುಗು ಕನ್ನಡ ಎರಡೂ ಒಂದೇ ಬಾಯಲ್ಲಿ ಓಡಾಡುತ್ತವೆ. ಅಲ್ಲಿನ ಮನೆಗಳಲ್ಲಿ ದಿನಕ್ಕೆ ಇಪ್ಪತ್ತು ಸಲ ಅಸಲು ಅನ್ನುವ ಪದ ನಿಜಕ್ಕೂ ಅನ್ನುವ ಅರ್ಥದಲ್ಲಿ ಬರುತ್ತದೆ. ಅಸಲು ಬರ್ತೀಯಾ ಇಲ್ವಾ, ಅಸಲು ಉಂಡ್ಯಾ ಇಲ್ವಾ. ಎದುರಿಗಿರುವವರ ಮಾತಿನ ಮೇಲೆ ನಂಬಿಕೆ ಇಲ್ಲದಾಗ ಆಡುವ ಪದ ಅದು. ಮುನಿಲಕ್ಷ್ಮಿಗೆ ಅಸಲು ಬಡ್ಡಿ ಗೊತ್ತಿಲ್ಲ ಅಂತಲ್ಲ. ಆದರೆ ಸೊಂಟದಲ್ಲಿ ಮಗು, ಹಿಂದೆ ಸಾಲು, ಎದುರಿಗೆ ತಲೆ ಎತ್ತದ ಹುಡುಗ. ಅವಳ ಕಿವಿಗೆ ಬಿದ್ದದ್ದು, ನೀವು ನಿಜವಾಗಲೂ ಕಟ್ಟುವವರೇನಾ ಅಂತ.

‘ಕಟ್ದೆ ಇನ್ನೇನು, ನಿಮ್ಮ ಮುಖ ನೋಡೋಕೆ ಬಸ್ ಚಾರ್ಜ್ ಕೊಟ್ಟು ಬಂದಿದ್ದೀನಾ? ಒಂದು ತಿಂಗ್ಳೂ ತಪ್ಪಿಸ್ದಂಗೆ ಕಂತು ಕಟ್ಟೋರು ನಾವು. ಕಂತು ಅಂತಲೇ ಬರ್ಕೊಳ್ಳಿ.’

ನಂದೀಶ್ ಹಾಗೇ ಬರೆದುಕೊಂಡ. ಮುಂದಿನ ತಿಂಗಳಿಂದ ಅವಳು ಮೆಟ್ಟಿಲು ಹತ್ತಿ ಬರುವುದು ಕಂಡರೆ ಸಾಕು, ಅವಳು ಬಾಯಿ ತೆರೆಯುವ ಮೊದಲೇ ಮುಂಗಡ ಕಂತು ಅಂತ ಒತ್ತಿಬಿಡುತ್ತಿದ್ದ. ರಶೀದಿಯಲ್ಲಿ ಅಡ್ವಾನ್ಸ್ ಅಂತ ಬರುತ್ತಿತ್ತು. ಅದು ಅವಳಿಗೆ ಅನುಮಾನದ ಪದವೇ ಅಲ್ಲ. ತವರಲ್ಲಿ ಮಾವಿನ ತೋಪಿಗೆ ವ್ಯಾಪಾರಿ ಅಡ್ವಾನ್ಸ್ ಕೊಡುತ್ತಾನೆ, ಕೊನೆಗೆ ಒಟ್ಟು ಮೊತ್ತದಲ್ಲಿ ಅದನ್ನು ಕಳೆಯುತ್ತಾನೆ. ಇಲ್ಲೂ ಕಳೆಯುತ್ತಿದ್ದಾರೆ ಅಂದುಕೊಂಡಳು.

ಎರಡು ವರ್ಷ ಹೀಗೆ ನಡೆಯಿತು. ಇಪ್ಪತ್ತನಾಲ್ಕು ತಿಂಗಳ ಮೂರು ಸಾವಿರ, ಒಂದು ವರ್ಷದ ಬೋನಸ್ ಇಪ್ಪತ್ತೈದು ಸಾವಿರ, ಚೀಟಿ ಎತ್ತಿದ್ದು ಹದಿನೇಳು ಸಾವಿರ. ಎಲ್ಲ ಸೇರಿ ಒಂದು ಲಕ್ಷ ಹದಿನಾಲ್ಕು ಸಾವಿರ.

ಈ ವರ್ಷದ ಮೇ ತಿಂಗಳಲ್ಲಿ ಮುರಳೀಕೃಷ್ಣ ಮೊದಲ ಸಲ ಗಟ್ಟಿಯಾಗಿ ನಿಂತ. ಅರ್ಪಿತ ಒಂದನೇ ಕ್ಲಾಸಿಗೆ ಬಂದಿದ್ದಳು. ಅವನ ಜೊತೆ ಕೆಲಸ ಮಾಡುವವರ ಮಕ್ಕಳೆಲ್ಲ ಹೋಗುವ ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಫೀಸು, ವ್ಯಾನು ಸೇರಿ ತಿಂಗಳಿಗೆ ಮೂರು ಸಾವಿರ ಬೀಳುತ್ತಿತ್ತು.

‘ಆ ಮೂರು ಸಾವಿರ ಇಲ್ಲಿಗೆ ಹಾಕು,’ ಅಂದ.

‘ಹಾಕಿದ್ರೆ ನಿನ್ನ ನಲವತ್ತೈದಕ್ಕೆ ಯಾರು ಕಟ್ತಾರೆ?’

‘ಎರಡು ವರ್ಷ ಕಟ್ಟಿದ್ದೀಯಲ್ಲ, ಎಲ್ಲಿಗೆ ಬಂತು? ಹೋಗಿ ಕೇಳೋಣ ನಡಿ. ನಂಗೆ ನಲವತ್ತೈದು ತುಂಬೋದ್ರೊಳಗೆ ಮುಗಿಯುತ್ತೆ ಅಂದ್ರೆ ನಾನು ಬಾಯಿ ಬಿಡಲ್ಲ, ನೀನು ಹೇಳ್ದಂಗೆ. ಇಲ್ಲ ಅಂದ್ರೆ ಜೂನ್‌ನಿಂದ ಮಗು ವ್ಯಾನಲ್ಲಿ ಹೋಗುತ್ತೆ.’

‘ಆಯ್ತು ನಡಿ.’ ಅವಳಿಗೆ ಗೆಲ್ಲುತ್ತೇನೆ ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ.

ಅವನಿಗೆ ನೈಟ್ ಶಿಫ್ಟ್ ಇದ್ದ ವಾರ. ಬೆಳಿಗ್ಗೆ ಕೆಲಸ ಮುಗಿಸಿ ಬಂದವನು ಮಲಗದೆ ಅವಳ ಜೊತೆ ಬಸ್ಸು ಹತ್ತಿದ. ಆಫೀಸಿನಲ್ಲಿ ಅವತ್ತೂ ಸಾಲಿತ್ತು. ಮುನಿಲಕ್ಷ್ಮಿಯನ್ನು ಕಂಡದ್ದೇ ನಂದೀಶನ ಕೈ ಕೀಬೋರ್ಡಿಗೆ ಹೋಯಿತು.

‘ಇವತ್ತು ದುಡ್ಡಿಲ್ಲ ಸಾರ್. ನಮ್ಮ ಲೋನ್ ಯಾವಾಗ ಮುಗಿಯುತ್ತೆ ಹೇಳಿ ಸಾಕು.’

‘2036 ಏಪ್ರಿಲ್, ಮೇಡಂ.’

‘ಅದು ಹಳೇ ಲೆಕ್ಕ. ಇವತ್ತಿನ ಲೆಕ್ಕ ಹೇಳಿ.’

‘ಇವತ್ತಿಂದೂ ಅದೇ.’

‘ಮತ್ತೆ ನಾನು ಕಟ್ಟಿದ್ದು?’

ನಂದೀಶ್ ಪರದೆಯ ಮೇಲೆ ಹಳೇ ಜಮಾಗಳನ್ನು ತೆಗೆದು ನೋಡಿದ. ‘ನೀವು ಅಸಲಿಗೆ ಕಟ್ಟೇ ಇಲ್ಲ ಮೇಡಂ.’

ಮುನಿಲಕ್ಷ್ಮಿ ಬ್ಯಾಗಿನಿಂದ ರಶೀದಿಗಳ ಕಟ್ಟು ತೆಗೆದು ಕೌಂಟರಿನ ಮೇಲೆ ಇಟ್ಟಳು. ಇಪ್ಪತ್ತಾರು ರಶೀದಿ, ರಬ್ಬರ್ ಬ್ಯಾಂಡ್ ಹಾಕಿದ್ದು. ‘ಅಸಲು ಕಟ್ಟೇ ಇಲ್ವಾ? ಇವೇನು ಮತ್ತೆ, ಮದುವೆ ಕಾರ್ಡಾ? ಇದರ ಮೇಲೆ ಸೀಲ್ ಯಾರದು, ನಮ್ಮತ್ತೇದಾ?’

ಮುರಳೀಕೃಷ್ಣ ಅವಳ ಮೊಣಕೈ ಹಿಡಿದ. ‘ಲಕ್ಷ್ಮೀ, ತಾಳು. ಅವ್ರು ಹೇಳ್ತಿರೋದು ಅಸಲು ಬಡ್ಡಿ ಅಂತೀವಲ್ಲ, ಆ ಅಸಲು.’

ನಂದೀಶ್ ಒಂದೊಂದಾಗಿ ಬಿಡಿಸಿ ಹೇಳಿದ. ದುಡ್ಡು ಎಲ್ಲೂ ಹೋಗಿಲ್ಲ. ಅಷ್ಟೂ ಮುಂಗಡ ಅಂತ ಇದೆ. ಸಾಲದಲ್ಲಿ ಒಂದು ರೂಪಾಯಿಯೂ ಕಳೆದಿಲ್ಲ.

‘ಮೊದಲ್ನೇ ದಿನಾನೇ ಕೇಳಿದ್ದೆ ಮೇಡಂ. ನೀವು ಬೈದ್ರಿ.’

‘ಇನ್ನೊಂದು ಸಲ ಕೇಳ್ಬೇಕಿತ್ತು.’

‘ಇನ್ನೊಂದು ಸಲ ಬೈಸ್ಕೊಳ್ಳೋಕಾ?’

ಹಿಂದೆ ನಿಂತಿದ್ದ ಯಾರೋ ನಕ್ಕರು. ಮುನಿಲಕ್ಷ್ಮಿ ತಿರುಗಿ ನೋಡಲಿಲ್ಲ. ರಶೀದಿಗಳನ್ನು ಒಂದರ ಮೇಲೊಂದು ಜೋಡಿಸಿ ಮತ್ತೆ ರಬ್ಬರ್ ಬ್ಯಾಂಡ್ ಹಾಕಿದಳು. ಆಮೇಲೆ ಗಂಡನಿಗೆ ಹೇಳಿದಳು, ‘ನೀನೇ ಗೆದ್ದೆ ಬಾವ. ಮಗೂನ ವ್ಯಾನಿಗೆ ಹಾಕು.’

ಮುರಳೀಕೃಷ್ಣ ನಂದೀಶನ ಕಡೆ ತಿರುಗಿ ಕೇಳಿದ, ‘ಈಗ ಏನು ಮಾಡಬಹುದು ಸಾರ್?’

‘ಎರಡು ದಾರಿ ಇದೆ. ಇಬ್ಬರೂ ಸೈನ್ ಹಾಕಿದ್ರೆ ಅಷ್ಟೂ ವಾಪಸ್ ನಿಮ್ಮ ಖಾತೆಗೆ ಬರುತ್ತೆ. ಇಲ್ಲ ಅಂದ್ರೆ, ಇಬ್ಬರೂ ಸೈನ್ ಹಾಕಿ ಅಸಲಿಗೆ ಜಮಾ ಮಾಡಿ. ಅದಕ್ಕೆ ದಂಡ ಏನಿಲ್ಲ.’

ಒಂದು ಲಕ್ಷ ಹದಿನಾಲ್ಕು ಸಾವಿರ ವಾಪಸ್ಸು. ಮೂರು ವರ್ಷದ ಸ್ಕೂಲು ಅದರಲ್ಲೇ ಮುಗಿಯುತ್ತದೆ, ಮೇಲೆ ಸ್ವಲ್ಪ ಉಳಿಯುತ್ತದೆ. ಮುರಳೀಕೃಷ್ಣ ಅದನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವುದು ಮುನಿಲಕ್ಷ್ಮಿಗೆ ಕಾಣುತ್ತಿತ್ತು. ಸಾಲ ಅವನ ಹೆಸರಿನಲ್ಲಿದೆ, ಅವಳದು ಎರಡನೇ ಸಹಿ. ಅವನು ಒಪ್ಪದಿದ್ದರೆ ಯಾವುದೂ ಆಗುವುದಿಲ್ಲ. ಅವಳು ಬೇಡಿಕೊಳ್ಳಲಿಲ್ಲ.

‘ಕೈಗೆ ಬಂದ್ರೆ ಖರ್ಚಾಗುತ್ತೆ ಬಾವ. ಸ್ಕೂಲಿಗೇ ಹೋಗುತ್ತೆ ಅಂತ ನಂಗೆ ನಂಬಿಕೆ ಇಲ್ಲ. ನಿನ್ನ ಮೇಲಲ್ಲ, ನನ್ನ ಮೇಲೇನೇ,’ ಅಂದಳು ಅಷ್ಟೇ.

‘ಅಸಲಿಗೆ ಹಾಕಿದ್ರೆ ಯಾವಾಗ ಮುಗಿಯುತ್ತೆ ಸಾರ್?’ ಅಂತ ಅವನು ಕೇಳಿದ.

ನಂದೀಶ್ ಒತ್ತಿ ನೋಡಿದ. ‘ಬಡ್ಡಿ ಹೀಗೇ ಇದ್ರೆ 2034 ಜೂನ್. ಇಪ್ಪತ್ತೆರಡು ತಿಂಗಳು ಕಮ್ಮಿ.’

‘ಮೊದಲಿಂದಾನೂ ಅಸಲಿಗೇ ಹೋಗಿದ್ರೆ?’ ಇದು ಮುನಿಲಕ್ಷ್ಮಿ.

‘ಇನ್ನೊಂದೆರಡು ತಿಂಗಳು ಕಮ್ಮಿ ಆಗ್ತಿತ್ತು ಮೇಡಂ.’

‘ಎರಡು ಕಂತು,’ ಅಂದಳು ತನಗೆ ತಾನೇ. ‘ಇಪ್ಪತ್ನಾಲ್ಕು ಸಾವಿರದ ಮುನ್ನೂರ ನಲವತ್ತೆರಡು.’

ಮುರಳೀಕೃಷ್ಣ ಬೆರಳು ಮಡಿಸಿ ಎಣಿಸಿದ. 2034ರ ಜೂನ್‌ಗೆ ಅವನಿಗೆ ನಲವತ್ತನಾಲ್ಕು. ಇನ್ನೊಂದು ಸಲ ಎಣಿಸಿದ. ರಾತ್ರಿಯೆಲ್ಲ ನಿದ್ದೆ ಇಲ್ಲದ ಕಣ್ಣನ್ನು ಉಜ್ಜಿಕೊಂಡು, ‘ಪೆನ್ ಕೊಡಿ,’ ಅಂದ.

ಅಸಲಿಗೆ ಜಮಾ ಮಾಡುವ ಅರ್ಜಿಗೆ ಸಹಿ ಹಾಕಿ ಅವಳ ಕಡೆ ಸರಿಸಿದ. ‘ಆದ್ರೆ ಜೂನ್‌ನಿಂದ ಮೂರು ಸಾವಿರ ಸ್ಕೂಲಿಗೆ. ನೀನೇ ಸೋತಿದ್ದೀಯ, ಮರೀಬೇಡ.’

‘ಎರಡೂವರೆ. ಐನೂರಾದ್ರೂ ಇಲ್ಲಿಗೆ ಬರ್ಲಿ.’

‘ಎರಡೂವರೆ ಕೊಟ್ರೆ ವ್ಯಾನ್‌ನೋರು ಮಗೂನ ಅರ್ಧ ದಾರೀಲಿ ಇಳಿಸ್ತಾರೆ ಕಣೇ. ಯಾಕೆ ಬೇಕು ಐನೂರು? ನಲವತ್ತೈದ್ರೊಳಗೆ ಮುಗೀಬೇಕು ಅಂದೆ. ಮುಗೀತಲ್ಲ.’

ಎರಡು ವರ್ಷ ಅವಳು ಹೇಳುತ್ತಾ ಬಂದಿದ್ದ ಕಾರಣ ಅದೊಂದೇ. ಆ ಕಾರಣ ಈಗ ತೀರಿತ್ತು. ಪೆನ್ನು ಹಿಡಿದು ಅರ್ಜಿಯ ಮೊದಲ ಸಾಲಿಂದ ಕೊನೆಯವರೆಗೆ ಓದಿದಳು. ಹಿಂದಿನವರು, ಬೇಗ ಬೇಗ ಅಮ್ಮ, ಅಂದರು. ಓದಿ ಮುಗಿಸಿಯೇ ಸಹಿ ಹಾಕಿದಳು. ಹೊಸ ಕಂತಿನ ಪಟ್ಟಿಯನ್ನು ಅಲ್ಲೇ ಪ್ರಿಂಟ್ ಹಾಕಿಸಿಕೊಂಡಳು. ನಂದೀಶ್ ನಾಳೆ ಬನ್ನಿ ಅಂದ, ಇವಳು ಕೂತೇ ಇದ್ದಳು. ಅವನು ಕೊಟ್ಟ.

ವಾಪಸ್ ಬಸ್ಸಿನಲ್ಲಿ ಮುರಳೀಕೃಷ್ಣ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದ. ಅವಳು ಪಟ್ಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ವೇಮಗಲ್‌ವರೆಗೂ ಕೂತಿದ್ದಳು.

ಜೂನ್ ಎರಡನೇ ತಾರೀಕು ಸೋಮವಾರ ಬೆಳಿಗ್ಗೆ ವ್ಯಾನು ನಮ್ಮ ಬೀದಿಗೆ ಬಂತು. ಅರ್ಪಿತ ಹಿಂದಿನ ಸೀಟು ಬೇಕು ಅಂತ ಅತ್ತಳು, ಮುಂದಿನದು ಸಿಕ್ಕಿತು. ಹತ್ತನೇ ತಾರೀಕು ಬೆಳಿಗ್ಗೆ ಆವಲಮ್ಮ ಹಾಲು ಹಾಕಿ ಡೇರಿಯಿಂದ ಬಂದಾಗ ಸೊಸೆ ಇನ್ನೂ ಮನೆಯಲ್ಲೇ ಇದ್ದಳು.

‘ಕೋಲಾರಕ್ಕೆ ಹೋಗಲ್ವೇನಮ್ಮೀ?’

‘ಇಲ್ಲತ್ತೆ. ಹೋಗೋ ಕೆಲ್ಸ ಇಲ್ಲ,’ ಅಂದು ಮುನಿಲಕ್ಷ್ಮಿ ಹಸುವಿಗೆ ನೀರಿಡಲು ಹಿಂದಕ್ಕೆ ಹೋದಳು.