ಬೆಚ್ಚಗಿನ ಪೆಟ್ಟಿಗೆಯ ಮೊರೇನಿಕೆ

ಮೊರೇನಿಕೆಯನ್ನು ತಿವಾಲಾದೆ ಮೊದಲು ನೋಡಿದ್ದು ಇಬಾದಾನ್ ನಗರದ ಹೆಣ್ಣುಮಕ್ಕಳ ಶಾಲೆಯ ಗೇಟಿನಲ್ಲಿ, ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳ ಕೊನೆಯ ಶನಿವಾರ ಬೆಳಗ್ಗೆ. ಕುಳ್ಳಗಿನ ಹೆಂಗಸು, ಸವೆದ ಚಪ್ಪಲಿ, ತಲೆಗೆ ಬಿಗಿದು ಕಟ್ಟಿದ ಹಸಿರು ವಸ್ತ್ರ, ಬೆನ್ನಿಗೆ ಭಾರದ ಚೀಲ. ನೀಲಿ ಪೆಟ್ಟಿಗೆಯೊಂದನ್ನು ಹಸುಗೂಸಿನಂತೆ ಎದೆಗವಚಿಕೊಂಡಿದ್ದಳು.

"ಕೂಲ್ ಡ್ರಿಂಕ್ಸಿನವರು ಹಿಂದಿನ ಗೇಟಿಂದ ಬರ್ಬೇಕಮ್ಮ," ಎಂದಳು ತಿವಾಲಾದೆ.

"ಕೂಲ್ ಅಲ್ಲ, ಇದರೊಳಗೆ ಬಿಸಿನೀರಿನ ಬಾಟ್ಲಿ ಇದೆ. ಇವತ್ತು ಮಾತಾಡೋಳು ನಾನೇ. ಒಳಗೆ ಬಿಡ್ತೀಯೋ, ನನ್ನ ಜೀವಕೋಶ ಬಿಸಿಲಲ್ಲೇ ಸಾಯ್ಲೋ?"

ತಿವಾಲಾದೆ ಆ ಶಾಲೆಯ ಭೌತಶಾಸ್ತ್ರದ ಟೀಚರು. ಊರಿನವರಿಗೆ ಯೊರುಬಾ ಭಾಷೆಯಲ್ಲೇ ವಿಜ್ಞಾನ ಹೇಳುವ ಭಾಷಣಕಾರರ ಬಳಗಕ್ಕೆ ಕಾರ್ಯದರ್ಶಿ. ಮೊರೇನಿಕೆ ಪ್ರಯೋಗಾಲಯವೊಂದರ ತಂತ್ರಜ್ಞೆ. ಅಲ್ಲಿ ಸುಟ್ಟಗಾಯದವರ ಮೈಯಿಂದ ಚೂರು ಚರ್ಮ ತೆಗೆದು, ಅದರ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ ನೋಡುತ್ತಿದ್ದರು. ದಿನ ಬಿಟ್ಟು ದಿನ ಅವಕ್ಕೆ ಆಹಾರದ ದ್ರವ ಬದಲಿಸುವುದು ಅವಳ ಕೆಲಸ. ಕರೆಂಟು ಹೋದರೆ ಜನರೇಟರಿನ ಹಗ್ಗ ಎಳೆಯುವವಳೂ ಅವಳೇ.

ಶಾಮಿಯಾನ ಹಾಕಿಸಿದವರನ್ನು ವೇದಿಕೆಯ ಮೇಜಿಗೆ ಕೂರಿಸಿ, ಮೊದಲು ಅವರಿಂದ ನಾಲ್ಕು ಮಾತು ಆಡಿಸದೆ ಇಬಾದಾನಿನಲ್ಲಿ ಸಭೆ ಶುರುವಾಗುವುದಿಲ್ಲ. ಆ ದಿನ ಶಾಮಿಯಾನ, ತಿನ್ನಲು ಮಾಂಸ ತುಂಬಿದ ಮೀಟ್‌ಪೈ ಎರಡೂ ಊರಿನ ಪಟ್ಟದ ಹಿರಿಯ ಚೀಫ್ ಅಕಿನ್‌ಲಬಿಯವರದು. ಅವರು ಕಾಂಡಕೋಶದ, ಅಂದರೆ ಸ್ಟೆಮ್ ಸೆಲ್ಲಿನ, ಪುಡಿ ಎಂದು ಪೊಟ್ಟಣ ಮಾರುತ್ತಾರೆಂದು ತಿವಾಲಾದೆಗೆ ಗೊತ್ತಿತ್ತು. ಆದರೂ ಪದ್ಧತಿ ಮುರಿಯಬಾರದೆಂದು ಮೈಕು ಕೊಟ್ಟಳು.

ನಾಲ್ಕು ಮಾತು ನಲವತ್ತು ನಿಮಿಷವಾಯಿತು. "ನಾಲಿಗೆ ಕೆಳಗೆ ಒಂದು ಪೊಟ್ಟಣ ಇಟ್ಕೊಳ್ಳಿ. ಕಾಲಿನ ಮಾಂಸ ತಾನಾಗೇ ಬೆಳೆಯುತ್ತೆ. ಸಾಕ್ಷಿ ಬೇಕಾ? ಇಲ್ಲೇ ಇದಾರೆ."

ಮೂರನೇ ಸಾಲಿನಲ್ಲಿ ಎದ್ದು ನಿಂತವಳು ಅಬೇಕೆ ಚಿಕ್ಕಮ್ಮ. ತಿವಾಲಾದೆಯನ್ನು ಸಾಕಿ ಓದಿಸಿದವಳು, ಸಕ್ಕರೆ ಕಾಯಿಲೆಯವಳು, ಪಾದದ ಹುಣ್ಣಿಗೆ ಬಟ್ಟೆ ಸುತ್ತಿಕೊಂಡಿದ್ದವಳು. "ಮೂರು ವಾರ ಆಯ್ತು ಇನ್ಸುಲಿನ್ ಬಿಟ್ಟು," ಎಂದಳು ಹೆಮ್ಮೆಯಿಂದ. "ಈಗ ಕಾಲು ನೋಯೋದೇ ಇಲ್ಲ."

ಜನ ಚಪ್ಪಾಳೆ ತಟ್ಟಿದರು. ತಿವಾಲಾದೆ ಚಿಕ್ಕಮ್ಮನ ಪಾದದ ಬಟ್ಟೆಯನ್ನೇ ನೋಡಿದಳು. ನೋವೇ ಗೊತ್ತಾಗದಿದ್ದರೆ ನರ ಸತ್ತು ಕಾಲು ಹೋಗುತ್ತಿದೆ ಎಂದೇ ಅರ್ಥ ಎಂದು ಆಸ್ಪತ್ರೆಯಲ್ಲಿ ಎಷ್ಟು ಸಲ ಹೇಳಿದ್ದರು!

ಮೊರೇನಿಕೆ ಎದ್ದು ಬಂದು ಚೀಫರ ಮುಂದೆ ಎರಡೂ ಮಂಡಿಯೂರಿದಳು. ಹಿರಿಯರಿಗೆ ಹೆಂಗಸರು ತೋರಬೇಕಾದ ಮರ್ಯಾದೆ ಅದು. ಸಭೆ ತಲೆದೂಗಿತು.

"ಮಂಡಿಯೂರಿದೀನಿ ಬಾಬಾ, ಮರ್ಯಾದೆ ಆಯ್ತಲ್ಲ. ಈಗ ಒಂದು ಪೊಟ್ಟಣ ಹರೀರಿ."

"ಯಾಕಮ್ಮ?"

"ನನ್ನ ಕೋಶ ಕರೆಂಟು ಹೋದ ಮಧ್ಯಾಹ್ನಕ್ಕೇ ಸಾಯ್ತವೆ. ನಿಮ್ಮವು ಕಾರಿನ ಡಿಕ್ಕೀಲಿ ತಿಂಗಳುಗಟ್ಟಲೆ ಬೆಂದ್ರೂ ಬದುಕಿರ್ತವಂತೆ. ಸೂಕ್ಷ್ಮದರ್ಶಕ ತಂದಿದೀನಿ. ಬದುಕಿರೋ ಕೋಶ ಒಂದೇ ಒಂದು ತೋರಿಸಿ. ಇಲ್ಲೇ ನಿಮ್ಮ ಕಾಲು ಹಿಡೀತೀನಿ."

"ಎದ್ದೇಳು ಮಗಳೇ. ದೊಡ್ಡವರ ಹತ್ರ ಹೀಗೆ ಮಾತಾಡ್ತಾರಾ?"

"ನೀವು ಹರಿಯೋ ತನಕ ಏಳಲ್ಲ."

ಕೊನೆಗೆ ಪೊಟ್ಟಣ ಹರಿದವಳು ಅಬೇಕೆ ಚಿಕ್ಕಮ್ಮನೇ, ತನ್ನ ಚೀಲದಿಂದ ತೆಗೆದು. ಸೂಕ್ಷ್ಮದರ್ಶಕದಲ್ಲಿ ಒಬ್ಬೊಬ್ಬರೇ ಇಣುಕಿದರು. ಮೊರೇನಿಕೆ ನೀಲಿ ಪೆಟ್ಟಿಗೆಯಿಂದ ತೆಗೆದಿಟ್ಟ ತಟ್ಟೆಯಲ್ಲಿ ಕೋಶಗಳು ಕೈಚಾಚಿ ಹಬ್ಬಿದ್ದವು. ಪುಡಿಯಲ್ಲಿ ಬರೀ ಹರಳು.

"ರುಚಿ ಹೆಂಗಿತ್ತು ಚಿಕ್ಕಮ್ಮ?" ಮೊರೇನಿಕೆ ಕೇಳಿದಳು.

"ಸಿಹಿ. ಮಾವಿನಹಣ್ಣಿನ ಸಿಹಿ."

"ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ತಿನ್ಸಿದೀರಿ, ಬಾಬಾ."

ಚೀಫರು ಎದ್ದು ಹೋದರು. ಹಿಂದೆಯೇ ಅವರ ಆಳುಗಳು ಶಾಮಿಯಾನ ಬಿಚ್ಚಿದರು. ಬಿಸಿಲು ನೆತ್ತಿಗೆ ಬಡಿಯಿತು. ಚಿಕ್ಕಮ್ಮ ಮೊರೇನಿಕೆಯ ಕೈ ಹಿಡಿದಳು. "ನಿನ್ನ ತಟ್ಟೇದು ನನ್ನ ಕಾಲಿಗೆ ಹಚ್ಚು."

"ಇದು ಇನ್ನೂ ಪ್ರಯೋಗ. ವಾಸಿಯಾಗುತ್ತೆ ಅಂತ ನಿಮಗೆ ಹೇಳಿದ್ರೆ ನಾನೂ ಅವನೂ ಒಂದೇ. ನಡೀರಿ, ಆಸ್ಪತ್ರೆಗೆ. ಈಗಲೇ."

ನಾಲ್ಕು ದಿನದ ಮೇಲೆ ಚಿಕ್ಕಮ್ಮನ ಕಾಲನ್ನು ಮಂಡಿಯ ಕೆಳಗೆ ಕತ್ತರಿಸಿ ತೆಗೆದರು. ವಾರ್ಡಿನ ಹೊರಗೆ ತಿವಾಲಾದೆ ಅಳುತ್ತಾ ಮೊರೇನಿಕೆಯ ಕ್ಷಮೆ ಕೇಳಿದಳು.

"ನನಗ್ಯಾಕೆ ಕ್ಷಮೆ?" ಎಂದಳು ಮೊರೇನಿಕೆ. "ಅವನು ಮಾರ್ದ. ನೀನು ಓದಿದೋಳು, ಗೊತ್ತಿದ್ದೂ ಮೈಕು ಕೊಟ್ಟೆ. ಒಳಗೆ ಮಲಗಿದಾರಲ್ಲ, ಅವರನ್ನ ಕೇಳು."

ತಿವಾಲಾದೆ ಒಳಗೆ ಹೋಗಿ ಕೇಳಿದಳು. ಚಿಕ್ಕಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಬೇಕೆಂದು ತಿವಾಲಾದೆಯೂ ಕೇಳುವುದಿಲ್ಲ.

ಬಳಗದ ಸಭೆಯಲ್ಲಿ ಈಗ ವೇದಿಕೆಯ ಮೇಜಿಲ್ಲ. ಎಲ್ಲರೂ ಮಾವಿನಮರದ ಕೆಳಗೆ ಬೆಂಚಿನ ಮೇಲೆ ಕೂರುತ್ತಾರೆ. ಮೊರೇನಿಕೆ ದಿನ ಬಿಟ್ಟು ದಿನ ಪ್ರಯೋಗಾಲಯದಲ್ಲಿ ಕೋಶಗಳಿಗೆ ದ್ರವ ಬದಲಿಸುತ್ತಾಳೆ. ತಿಂಗಳ ಕೊನೆಯ ಶನಿವಾರ ಸೂಕ್ಷ್ಮದರ್ಶಕ ಹೊತ್ತು ಬಂದು, ಜನ ತಂದ ಪೊಟ್ಟಣಗಳನ್ನು ಅವರ ಕೈಯಲ್ಲೇ ಹರಿಸಿ ನೋಡಿಸುತ್ತಾಳೆ.