ಹಿಂದಿನಿಂದ ಶುರು ಮಾಡುತ್ತಿದ್ದ ಫಕೀರಪ್ಪ ಮಿಸ್ತ್ರಿ

ಕಾರಿನ ಎಂಜಿನ್ ಮುಂದಿರುತ್ತದೆ ಎಂಬುದು ಕುಕನೂರಿನ ಕುರಿ ಕಾಯುವವರಿಗೂ ಗೊತ್ತಿದ್ದ ಸಂಗತಿ. ಫಕೀರಪ್ಪ ಮಿಸ್ತ್ರಿ ಮಾತ್ರ ಚಾಲೂ ಆಗದ ಗಾಡಿಯ ಹತ್ತಿರ ಬಂದರೆ ಮೊದಲು ಹಿಂದಕ್ಕೆ ಹೋಗುತ್ತಿದ್ದ. ಮೊಣಕಾಲೂರಿ ಕೂತು, ಸೈಲೆನ್ಸರ್ ಕೊಳವೆಯೊಳಗೆ ಎರಡು ಬೆರಳು ಹಾಕಿ, ದನದ ಡಾಕ್ಟರರ ಗಾಂಭೀರ್ಯದಿಂದ ತಡವಿ ನೋಡಿ, ಮಸಿ ಬೆರಳನ್ನು ಖಾಕಿ ಚಡ್ಡಿಗೆ ಒರೆಸಿಕೊಂಡ ಮೇಲೆಯೇ ಬಾನೆಟ್ ಎತ್ತುವುದು.

"ಮಿಸ್ತ್ರಿ, ಎಂಜಿನ್ ಈ ಕಡೆ ಐತೋ!" ಎಂದು ಚಹಾದ ಅಂಗಡಿಯ ಮಂದಿ ಕೂಗುತ್ತಿದ್ದರು.

"ಇರ್ಲಿ ಬಿಡ್ರಿ. ಚಾಲೂನ ಆಗದ್ದು, ಓಡಿ ಎಲ್ಲಿ ಹೊಕ್ಕತಿ?"

ನಾನು ವಕೀಲ. ಯಲಬುರ್ಗಾ ಕೋರ್ಟಿಗೆ ಹೋಗಿಬರಲು ಎಪ್ಪತ್ತರ ದಶಕದಲ್ಲಿ ಹಳೆಯ ಕಾರೊಂದನ್ನು ಕೊಂಡೆ. ಅದು ನನ್ನ ಕಕ್ಷಿದಾರರಿಗಿಂತ ಹೆಚ್ಚು ವಾಯಿದೆ ಕೇಳುತ್ತಿತ್ತು. ಚಾವಿ ತಿರುವಿದರೆ ಗರ್ ಗರ್ ಎಂದು ತಿರುಗುವುದು, ಚಾಲೂ ಮಾತ್ರ ಆಗದಿರುವುದು ಅದರ ಹುಟ್ಟುಗುಣ. ಇಂಥ ಗಾಡಿಗೆ ಮಿಸ್ತ್ರಿ ಪಾಟೀಸವಾಲು ಹಾಕುವ ಕ್ರಮವನ್ನು ನಮ್ಮ ಹಿರಿಯ ವಕೀಲರೂ ನಿಂತು ನೋಡಬೇಕಿತ್ತು.

"ತಿರಗತೈತಿ ಅಂದಮ್ಯಾಲೆ ಬ್ಯಾಟ್ರಿ ಖರೇ ಹೇಳಾಕತ್ತೈತಿ, ಅದನ್ನ ಬಿಡ್ರಿ. ಈಗ ಕಿಡಿ ಬರತೈತೋ ಇಲ್ಲೋ. ಪೆಟ್ರೋಲ್ ಬರತೈತೋ ಇಲ್ಲೋ. ಎರಡೂ ಬಂದ್ರ, ಉಸುರಿಗೆ ದಾರಿ ಐತೋ ಇಲ್ಲೋ."

ಕಿಡಿ ನೋಡಲು ಪ್ಲಗ್ಗಿನ ವಾಯರ್ ಬಿಚ್ಚಿ ಮಾಲಕನ ಕೈಗೇ ಕೊಡುತ್ತಿದ್ದ. ನಾನು ಮೊದಲ ಸಲ ಹಿಡಿದಾಗ ಹೊಡೆದ ಏಟಿಗೆ ಕನ್ನಡಕ ಹಾರಿ ಗಟಾರದಲ್ಲಿ ಬಿತ್ತು.

"ಕಿಡಿ ಛಲೋ ಐತ್ರಿ ವಕೀಲ್ರ," ಎಂದು ತೀರ್ಪು ಕೊಟ್ಟ.

"ನೀನ ಹಿಡೀಬೇಕಿಲ್ಲೇನೋ?"

"ಗಾಡಿ ನಿಮ್ದಲ್ರಿ!"

ಅಂಥವನು ಒಂದು ಮಧ್ಯಾಹ್ನ ನನ್ನ ಕಚೇರಿಗೆ ಬಂದು, ಕಕ್ಷಿದಾರರ ಬೆಂಚಿನ ತುದಿಗೆ ಕೂತು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಒಂದು ಸಂಗತಿ ಹೇಳ್ತೇನ್ರಿ. ಗುನ್ನೆ ಹೌದೋ ಅಲ್ಲೋ ನೀವ ಹೇಳ್ರಿ," ಎಂದ.

ನಾನು ಕಾರು ಕೊಳ್ಳುವ ಮೊದಲಿನ ಮಾತು. ತಳಕಲ್ಲಿನ ಹತ್ತಿ ವ್ಯಾಪಾರಿ ಸಂಗಪ್ಪ ಶೆಟ್ಟರದೊಂದು ಕಾರಿತ್ತು. ಮಳೆಗಾಲದಲ್ಲಿ ಅದು ತಿಂಗಳುಗಟ್ಟಲೆ ನಿಂತೇ ಇರುತ್ತಿತ್ತು. "ಸೈಲೆನ್ಸರಿನಾಗ ಇಲಿ ಹೊಕ್ಕಾವು, ಒಂದ ಅರಿವಿ ತುರುಕಿ ಇಡ್ರಿ," ಎಂದು ಫಕೀರಪ್ಪನೇ ಅವರ ಮನೆಯಲ್ಲಿ ಕೂತು ಹೇಳಿ ಬಂದಿದ್ದ. ಮುಂದೆ ಒಂದು ಮುಂಜಾನೆ ಶೆಟ್ಟರಿಗೆ ಎದೆನೋವು ಬಂತು. ಕೊಪ್ಪಳದ ದವಾಖಾನೆಗೆ ಒಯ್ಯಲೆಂದು ಹಿಂದಿನ ಸೀಟಿನಲ್ಲಿ ಮಲಗಿಸಿದರೆ ಗಾಡಿ ತಿರುಗಿತೇ ಹೊರತು ಚಾಲೂ ಆಗಲಿಲ್ಲ. ಮಗ ಸೈಕಲ್ ಮೇಲೆ ಬಂದು ಫಕೀರಪ್ಪನನ್ನು ಕರೆದೊಯ್ದ. ಕಿಡಿ ಇತ್ತು. ಪೆಟ್ರೋಲ್ ಇತ್ತು. ಇವನು ಕಾರ್ಬರೇಟರ್ ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ಒಳಗಿನಿಂದ ಶೆಟ್ಟರು ಕೇಳುತ್ತಿದ್ದರಂತೆ: "ಆತೇನೋ ಫಕೀರಾ?"

"ಆತ್ರಿ ಯಜಮಾನ್ರ, ಒಂದ ನಿಮಿಷ."

ಆಮೇಲೆ ಅವರು ಕೇಳುವುದನ್ನು ನಿಲ್ಲಿಸಿದರು.

ಹೆಣ ಇಳಿಸಿಕೊಂಡು ಎಲ್ಲರೂ ಒಳಗೆ ಹೋದ ಮೇಲೆ, ಸಾಮಾನು ಆರಿಸಿಕೊಳ್ಳುತ್ತಾ ಹಿಂದಕ್ಕೆ ಹೋದಾಗ ಕೊಳವೆಯ ಬಾಯಲ್ಲಿ ಅರಿವೆಯ ಅಂಚು ಕಂಡಿತು. ಎಳೆದು ಜೇಬಿನಲ್ಲಿ ತುರುಕಿಕೊಂಡ. ಚಾವಿ ತಿರುವಿ ನೋಡಲಿಲ್ಲ. ಹೊಗೆಗೆ ದಾರಿ ಇಲ್ಲದ ಎಂಜಿನ್ ಚಾಲೂ ಆಗುವುದಿಲ್ಲ; ನೋಡುವ ಅಗತ್ಯ ಇರಲಿಲ್ಲ. ಮಗ ಕೇಳಿದ್ದಕ್ಕೆ "ಪೆಟ್ರೋಲಿನಾಗ ನೀರ ಕೂತಿತ್ತು" ಎಂದ.

ನಾನು ಪುಸ್ತಕ ತೆಗೆದು ನೋಡಿದಂತೆ ಮಾಡಿದೆ. "ಇದಕ್ಕ ಯಾವ ಕಲಮೂ ಹತ್ತೂದಿಲ್ಲ ಫಕೀರಪ್ಪ."

"ಹತ್ತೂದಿಲ್ಲೇನ್ರಿ?" ಅವನ ಮುಖ ಇಳಿದುಹೋಯಿತು. ನಿರಪರಾಧಿ ಎನಿಸಿಕೊಂಡು ಅಷ್ಟು ಕುಗ್ಗಿದವನನ್ನು ನನ್ನ ವೃತ್ತಿಯಲ್ಲಿ ಬೇರೆ ಕಂಡಿಲ್ಲ. "ಹಂಗಾದ್ರ ಶೆಟ್ಟರ ಮನಿಯವ್ರ ಮುಂದ ಹೇಳಿಬಿಡ್ತೀನ್ರಿ. ನೀವು ಬಾಜೂಕ ನಿಂದರ್ರಿ, ಸಾಕು. ಒಬ್ಬನ ಎರಡ ಸಲ ಹೋಗಿ ನೀರ ಕುಡದು ಬಂದೀನಿ."

ಶನಿವಾರ ಕೋರ್ಟು ಮುಗಿಸಿ, ಕರಿ ಕೋಟಿನಲ್ಲೇ ಅವನೊಂದಿಗೆ ತಳಕಲ್ಲಿಗೆ ಹೋದೆ. ಆ ಕೋಟೇ ಕೆಲಸ ಕೆಡಿಸಿತು. ಶೆಟ್ಟರ ಹೆಂಡತಿ ನೀಲವ್ವನವರು ನನ್ನನ್ನು ಕಂಡದ್ದೇ ತಡ, ಸೊಸೆಯನ್ನು ಒಳಗೆ ಕಳಿಸಿ ಕದ ಮುಂದಕ್ಕೆ ಹಾಕಿದರು. ಫಕೀರಪ್ಪ ಬಾಯಿ ತೆರೆಯುವ ಮೊದಲೇ ಸಣ್ಣ ದನಿಯಲ್ಲಿ ಅವರೇ ಶುರು ಮಾಡಿದರು.

"ಆ ಅರಿವಿ ತುರುಕಿದಾಕಿ ನಾನರಿ. ಅವ್ರಿಗೂ ಹೇಳಿದ್ದಿಲ್ಲ. ಅವತ್ತಿನ ಗಡಿಬಿಡಿಯಾಗ ನೆನಪ ಹಾರಿತು. ಮರುದಿನ ಹೋಗಿ ನೋಡಿದ್ರ ಅರಿವಿ ಇಲ್ಲ. ನನ್ನ ಮಗಗ ಗೊತ್ತಾಗಬಾರ್ದಂತ ನೀವ ತಗದ್ರಿ, ನೀರ ಕೂತಿತ್ತು ಅಂದ್ರಿ. ಅಷ್ಟರ ಮ್ಯಾಲ ಬದುಕೀನ್ರಿ ಮಿಸ್ತ್ರಿ, ಒಬ್ಬರರ ನನ್ನ ಮ್ಯಾಲ ಕರುಣಾ ಇಟ್ರಲ್ಲಾ ಅಂತ. ಈಗ್ಯಾಕ ವಕೀಲ್ರು?"

ಫಕೀರಪ್ಪ ನನ್ನನ್ನು ನೋಡಿದ. ನಾನು ನೆಲದ ಹಾಸುಗಲ್ಲು ಎಣಿಸುತ್ತಿದ್ದೆ.

"ಹೌದ್ರವ್ವಾ," ಎಂದ. "ನಿಮ್ಮ ಸಲುವಾಗೇ ಮಾಡಿದ್ದರಿ. ವಕೀಲ್ರು ಸುಮ್ನ ಬಂದಾರ."

ಎದುರಿಗೇ ನಡೆದ ಸುಳ್ಳು ಸಾಕ್ಷಿ. ನಾನು ಆಕ್ಷೇಪಣೆ ಎತ್ತಲಿಲ್ಲ. ತಿರುಗಿ ಬರುವಾಗ ಕುಕನೂರು ಕಂಡಾಗ ಅವನು ಅಂದ: "ನನ್ನ ಭಾರ ಇಳಸಾಕ ಹೋಗಿದ್ದೆ. ಅವ್ವಾರದೂ ಹೊತಗೊಂಡು ಬಂದೆ ನೋಡ್ರಿ."

ನಾಲ್ಕು ವರ್ಷದ ಮೇಲೆ ಕಾಮಾಲೆಯಲ್ಲಿ ತೀರಿಕೊಂಡ. ಮಣ್ಣಿನ ದಿನ ತಳಕಲ್ಲಿನಿಂದ ನೀಲವ್ವನವರು ಬಂದಿದ್ದರು. ಮಂದಿ ಚಟ್ಟ ಕಟ್ಟುವುದರಲ್ಲಿದ್ದಾಗ ನನ್ನ ಹತ್ತಿರ ಬಂದು ನಿಂತರು.

"ವಕೀಲ್ರ, ಅವತ್ತ ನಾನ ಮೊದಲ ಮಾತಾಡಿಬಿಟ್ಟೆ. ಮಿಸ್ತ್ರಿ ಏನ ಹೇಳಾಕ ಬಂದಿದ್ರು?"

ಅರ್ಧ ಆಯುಷ್ಯ ಕೋರ್ಟಿನಲ್ಲಿ ಕಳೆದವನಿಗೆ ಒಂದು ಉತ್ತರ ಹೊಳೆಯಬೇಕಲ್ಲ, ಹೊಳೆಯಿತು. "ಗಾಡಿ ಮಾರತೀರೇನಂತ ಕೇಳಾಕ್ರಿ ಅವ್ವಾ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ನೀವು ಬಂದಾಗ ಗಾಡಿ ಮಾರಿ ಎರಡು ವರ್ಷ ಆಗಿತ್ತಲ್ರಿ," ಎಂದರು.

ಸೆರಗು ಎಳೆದುಕೊಂಡು, ಅಳುತ್ತಿದ್ದ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತರು.